ತಕ್ಕಡಿಯಲ್ಲಿ ಅಕ್ಕ ಕೂತ ಹೊತ್ತು

ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಸರಪಳಿ ಸದ್ದಾದರೆ ಇಂದಿಗೂ ನನ್ನ ಕತ್ತು ಆ ಕಡೆ ತಿರುಗುತ್ತದೆ. ತಟ್ಟೆಯಲ್ಲಿ ಸಕ್ಕರೆಯೋ ಬೇಳೆಯೋ ಇರುತ್ತದೆ. ನನಗೆ ಮಾತ್ರ ಅಲ್ಲಿ ಅಕ್ಕನ ತಲೆ ಎದೆಯ ಮೇಲೆ ವಾಲಿದ್ದು ಕಾಣುತ್ತದೆ.

ಚನ್ನಗಿರಿಯಿಂದ ಅಕ್ಕನನ್ನು ಜಗಳೂರಿಗೆ ಕೊಟ್ಟಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಭಾವನ ಮನೆಯವರದು ಶೇಂಗಾ ವ್ಯಾಪಾರ. ಕಾಯಿ ಒಡೆಯುವ ಮೆಷಿನ್ನು ಹಿತ್ತಲಲ್ಲೇ ಇತ್ತು. ಸುಗ್ಗಿಯಲ್ಲಿ ಸಿಪ್ಪೆಯ ಧೂಳು ಅಡಿಗೆಮನೆಯ ಹಿಟ್ಟಿನ ಡಬ್ಬಿಗೂ ಇಳಿಯುತ್ತಿತ್ತು. ಎರಡನೇ ವರ್ಷಕ್ಕೆ ಅಕ್ಕನಿಗೆ ದಮ್ಮು ಹತ್ತಿತು. ಉಸಿರಿಗಾಗಿ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಆಗಲೇ ಅವಳ ಅತ್ತೆ ಮನೆದೇವರಿಗೆ ಹರಕೆ ಕಟ್ಟಿಕೊಂಡರು: ಉಸಿರು ನೆಟ್ಟಗಾದರೆ ಸೊಸೆಯ ತೂಕದ ಬೆಲ್ಲ. ಅದೇ ತಿಂಗಳು ದಾವಣಗೆರೆಯ ಡಾಕ್ಟರೊಬ್ಬರು ಸಣ್ಣ ಬಿಳಿ ಗುಳಿಗೆ ಕೊಟ್ಟರು, ಸ್ವಲ್ಪ ದಿನಕ್ಕೆ ಅಂತ.

ಅಕ್ಕನ ಉಸಿರು ನೆಟ್ಟಗಾಯಿತು. ಆ ಮನೆಯಲ್ಲಿ ಅದು ದೇವರ ಕೆಲಸ. ಗುಳಿಗೆ ಬಿಟ್ಟರೆ ಮತ್ತೆ ಉಬ್ಬಸ ಬರುತ್ತಿತ್ತು, ಹಾಗಾಗಿ ಭಾವ ಖಾಲಿ ಶೀಶೆ ತೋರಿಸಿ ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತರುತ್ತಿದ್ದರು. ಡಾಕ್ಟರ ಬಳಿ ಯಾರೂ ಹೋಗಲಿಲ್ಲ.

ಅವಳ ತಂಗಿ ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆ ಬಂದಾಗ ಜಗಳೂರಿಗೆ ಹೋಗುತ್ತಿದ್ದೆ. ಒಂದು ಸಲ ಹೋದಾಗ ಬಾಗಿಲು ತೆಗೆದವಳು ಅಕ್ಕ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುಖ ರೊಟ್ಟಿಯ ಹಾಗೆ ದುಂಡಗಾಗಿ ಕಣ್ಣು ಒಳಗೆ ಸೇರಿದ್ದವು. ಹೊಟ್ಟೆ, ಬೆನ್ನಿನ ಮೇಲ್ಭಾಗ ದಪ್ಪವಾಗಿದ್ದವು. ಕೈಕಾಲು ಮಾತ್ರ ಸಣ್ಣಗೇ ಇದ್ದವು. ಬಳೆ ತಾಗಿದಲ್ಲೆಲ್ಲ ನೀಲಿ ಕಲೆ. ಸ್ನಾನಕ್ಕೆ ಹೋಗುವ ಮುಂಚೆ ಸೆರಗು ಸರಿಸಿ ಹೊಟ್ಟೆಯ ಮೇಲಿನ ಕೆನ್ನೀಲಿ ಗೀರುಗಳನ್ನು ತೋರಿಸಿದಳು.

“ಹೆರದೇ ಇದ್ದೋಳಿಗೆ ಈ ಗೀಟು ಎಲ್ಲಿಂದ ಬಂದ್ವೇ? ಅತ್ತೆ ನೋಡಿದ್ರೆ ಏನಂತ ಹೇಳ್ಲಿ?”

ಅವಳಿಗೆ ನಿದ್ದೆ ಇರಲಿಲ್ಲ, ಮುಟ್ಟು ತಪ್ಪುತ್ತಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ಹಸಿವಾಯಿತು ಎನ್ನುವಂತಿರಲಿಲ್ಲ. ಊಟಕ್ಕೆ ಕೂತಾಗ ಅವಳ ನಾದಿನಿ ನನ್ನ ಕಡೆ ನೋಡಿ ನಗುತ್ತಿದ್ದಳು. “ನಮ್ಮತ್ತಿಗೆ ಏನೂ ತಿನ್ನಲ್ಲ ಕಣ್ರೀ. ಬರೀ ಗಾಳಿ ಕುಡ್ದೇ ಉಬ್ತಾಳೆ.” ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, “ಬಂದಾಗ ಗಾಳಿ ಬಂದ್ರೆ ಹಾರ್ತಿದ್ಲು. ಈಗ ಗಾಳೀನೇ ಇವಳನ್ನ ಸುತ್ತಾಕ್ಕೊಂಡು ಹೋಗ್ಬೇಕು,” ಎನ್ನುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಆದರೆ ನಡುಮನೆಯಲ್ಲಿ ಅತ್ತೆಯ ಹೆಜ್ಜೆ ಸಪ್ಪಳವಾದರೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದಳು.

ಹರಕೆ ತೀರಿಸುವ ದಿನ ನಿಶ್ಚಯವಾಯಿತು. ಅಂದಿನಿಂದ ಅತ್ತೆ ಗುಳಿಗೆಯ ಶೀಶೆಯನ್ನು ತಮ್ಮ ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡರು. ವಾಸಿಯಾಯಿತು ಎಂದು ದೇವರ ಮುಂದೆ ಕೂರುವವಳು ಬೆಳಿಗ್ಗೆ ಎದ್ದು ಗುಳಿಗೆ ನುಂಗಿದರೆ ಹರಕೆ ಸುಳ್ಳಾಗುತ್ತದೆ ಎಂಬುದು ಅವರ ಲೆಕ್ಕ. ಅಕ್ಕನಿಗೂ ಅದು ಸರಿ ಎನಿಸಿತ್ತು. ಸುಗ್ಗಿ ಮುಗಿದು ಧೂಳು ಅಡಗಿದ್ದರಿಂದ ಉಬ್ಬಸವೂ ತಿರುಗಿ ಬರಲಿಲ್ಲ. ನನಗೆ ಇದು ಆಗ ಗೊತ್ತಿರಲಿಲ್ಲ.

ಹಿಂದಿನ ಸಂಜೆ ಅವರೆಲ್ಲ ಮಟಾಡೋರ್ ವ್ಯಾನಿನಲ್ಲಿ ಚನ್ನಗಿರಿಯ ನಮ್ಮ ಮನೆಗೆ ಬಂದು ಇಳಿದುಕೊಂಡರು. ಅಕ್ಕ ಬಂದವಳೇ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಕೀಲೆಲ್ಲ ನೋವು, ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದಳು. ಅವ್ವ ಒಲೆಯ ಮುಂದೆ ನನ್ನ ಕಿವಿಯಲ್ಲಿ, “ಸುಮ್ನಿರು, ಯಾರ ಹತ್ರನೂ ಹೇಳಬ್ಯಾಡ. ಉಸಿರು ಕೊಟ್ಟ ದೇವರು ಈಗ ಬಸುರೂ ಕೊಟ್ಟಂಗೆ ಐತೆ,” ಎಂದಳು. ಅವಳ ಮುಖದ ತುಂಬ ಖುಷಿ ಇತ್ತು.

ಬೆಳಿಗ್ಗೆ ಬಸವಾಪಟ್ಟಣದ ಆಲೆಮನೆಯಲ್ಲಿ ಬೆಲ್ಲ ತುಂಬಿಸಿಕೊಂಡು ಹೊನ್ನಾಳಿ, ನ್ಯಾಮತಿ ದಾಟಿ ಸವಳಂಗದ ಹತ್ತಿರದ ಗುಡ್ಡಕ್ಕೆ ಹೋದೆವು. ಹರಕೆಯ ಉಪವಾಸವೆಂದು ಅಕ್ಕ ನೀರನ್ನೂ ಮುಟ್ಟಿರಲಿಲ್ಲ. ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಒರಗಿದ್ದಳು.

ಗುಡಿಯ ಮುಂದಿನ ಮಂಟಪದ ತೊಲೆಗೆ ದೊಡ್ಡ ತಕ್ಕಡಿ ಕಟ್ಟಿತ್ತು. ಅಕ್ಕನನ್ನು ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದಕ್ಕೆ ಬೆಲ್ಲದ ಅಚ್ಚು ಪೇರಿಸುತ್ತಾ ಹೋದರು. ಅಚ್ಚೆಲ್ಲ ಮುಗಿದರೂ ಅಕ್ಕನ ತಟ್ಟೆ ನೆಲ ಬಿಟ್ಟು ಏಳಲಿಲ್ಲ. ಹರಕೆ ಹೊತ್ತಾಗಿನ ಅಕ್ಕನನ್ನು ಕಣ್ಣಲ್ಲಿಟ್ಟುಕೊಂಡು ಅತ್ತೆ ಬೆಲ್ಲಕ್ಕೆ ಹೇಳಿದ್ದರು. ಹೆಂಗಸರು ಸೆರಗು ಬಾಯಿಗೆ ಹಿಡಿದರು.

“ಆಲೆಮನೇನೇ ಹೊತ್ತು ತರಬೇಕಿತ್ತು ಕಣ್ರವ್ವ,” ಎಂದರು ಯಾರೋ.

ಭಾವ ತಲೆ ತಗ್ಗಿಸಿ, ಸವಳಂಗದಲ್ಲಿ ಬೆಲ್ಲ ತರುತ್ತೇನೆಂದು ವ್ಯಾನು ಹತ್ತಿ ಹೋದರು. ಒಮ್ಮೆ ಕೂತವರು ತಕ್ಕಡಿ ಸಮವಾಗುವ ಮುಂಚೆ ಇಳಿಯುವಂತಿಲ್ಲ. ಇಳಿದರೆ ಬೇನೆ ತಿರುಗಿ ಬರುತ್ತದೆ. ಅಕ್ಕ ಸರಪಳಿ ಹಿಡಿದು ಕೂತೇ ಇದ್ದಳು.

ಮೊದಲು ಅವಳ ತುಟಿಯ ಬಣ್ಣ ಹೋಯಿತು. ಆಮೇಲೆ ತಟ್ಟೆಯ ಅಂಚಿಗೆ ಬಗ್ಗಿ ಹಳದಿ ನೀರು ಕಕ್ಕಿದಳು. ನಾನು ಹತ್ತಿರ ಹೋದರೆ, “ಕೈ ಹಚ್ಚಬ್ಯಾಡ್ರೀ,” ಎಂದು ಪೂಜಾರಿ ತಡೆದರು. ಅಕ್ಕ ನನ್ನನ್ನು ನೋಡಿ, “ಎಷ್ಟೊತ್ತಾತೇ?” ಎಂದಳು. ಆಗಷ್ಟೇ ಕೇಳಿದ್ದನ್ನೇ ಮತ್ತೆ ಕೇಳಿದಳು. ಮೂರನೇ ಸಲ ಕೇಳುವಾಗ ಮಾತು ತೊದಲಿತು. ಸರಪಳಿ ಹಿಡಿದ ಕೈ ಜಾರಿತು, ತಲೆ ಎದೆಯ ಮೇಲೆ ಬಿತ್ತು.

“ದೇವರು ಮೈಮೇಲೆ ಬಂತು,” ಎಂದು ಹಿಂದಿನಿಂದ ಒಬ್ಬಳು ಕೈಮುಗಿದಳು.

“ದೇವರಲ್ಲ, ಇಳಿಸ್ರೀ, ಅಕ್ಕ ಸಾಯ್ತಾಳೆ,” ಎಂದೆ. ಯಾರೂ ಕದಲಲಿಲ್ಲ. ನಮ್ಮ ಅವ್ವ ಕೂಡ ಬೀಗಿತಿಯ ಮುಖ ನೋಡಿದಳು. ನಾನು ಅಕ್ಕನ ಕಂಕುಳಿಗೆ ಕೈ ಹಾಕಿ ಎಳೆದೆ. ಒದ್ದೆ ಗೋಣಿಯಂತೆ ಭಾರ, ನನ್ನಿಂದ ಆಗಲಿಲ್ಲ.

ಅತ್ತೆ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ ಸೊಸೆಯ ಪಾದ ಮುಟ್ಟಿ ನೋಡಿದರು. ತಣ್ಣಗಿತ್ತೆಂದು ಕಾಣುತ್ತದೆ, ಕೈಯನ್ನು ಹಾಗೇ ಹಿಂದಕ್ಕೆ ತೆಗೆದರು. ಆಮೇಲೆ ಆಚೆ ಬದಿಗೆ ಹೋಗಿ, ಬೆಲ್ಲದ ಮೇಲೆ ಎರಡೂ ಕೈ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು ತಟ್ಟೆಯನ್ನು ಅದುಮಿದರು. ಸರಪಳಿ ಕಿರುಗುಟ್ಟಿತು. ಅಕ್ಕನ ತಟ್ಟೆ ನೆಲ ಬಿಟ್ಟಿತು.

“ಸಮ ಆತು. ನೋಡಿದ್ರಲ್ಲ, ಸಮ ಆತು. ಇಳಿಸ್ರಿ ನನ್ನ ಸೊಸೇನ.”

ಪೂಜಾರಿ ಬಾಯಿ ತೆರೆದರು. ಅತ್ತೆ ಅವರನ್ನು ನೋಡಿದ ರೀತಿಗೆ ಮತ್ತೆ ಮುಚ್ಚಿಕೊಂಡರು.

ವ್ಯಾನು ಗುಡ್ಡ ಹತ್ತುವ ಸದ್ದು ಕೇಳುವವರೆಗೆ ನಾನು ಅಕ್ಕನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ. ಭಾವ ತಂದ ಬೆಲ್ಲವನ್ನು ಇಳಿಸಲೂ ಇಲ್ಲ. ಅದರ ಪಕ್ಕದಲ್ಲೇ ಅಕ್ಕನನ್ನು ಮಲಗಿಸಿಕೊಂಡು ನ್ಯಾಮತಿಯ ಮೇಲೆ ಹೊನ್ನಾಳಿಗೆ ಹೊರಟೆವು. ಆ ದಾರಿಯಲ್ಲಿ ವ್ಯಾನು ಕುಲುಕಿದಾಗಲೆಲ್ಲ ಅವಳ ತಲೆ ನನ್ನ ತೊಡೆಯ ಮೇಲೆ ಅತ್ತಿತ್ತ ಹೊರಳುತ್ತಿತ್ತು. ನಾನು ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಹೊರಳುತ್ತಿತ್ತು.

ಆಸ್ಪತ್ರೆಯ ಡಾಕ್ಟರಿಗೆ ವಯಸ್ಸು ಹೆಚ್ಚಿರಲಿಲ್ಲ. ಬಿ.ಪಿ. ಪಟ್ಟಿ ಸುತ್ತಿ ಎರಡು ಸಲ ನೋಡಿದರು. ಮುಖ, ಬಳೆಯ ಕಲೆ, ಹೊಟ್ಟೆಯ ಗೀರು ನೋಡಿ ನಮ್ಮ ಕಡೆ ತಿರುಗಿದರು.

“ಇವರು ಯಾವ ಗುಳಿಗೆ ತಗೊಳ್ತಿದ್ರು?”

ಭಾವ ತಾಯಿಯ ಕಡೆ ನೋಡಿದರು. ವ್ಯಾನಿನಲ್ಲಿ ಬಂದ ನೆಂಟರೆಲ್ಲ ಬಾಗಿಲಲ್ಲಿ ನಿಂತಿದ್ದರು. ದೇವರು ವಾಸಿ ಮಾಡಿದ ಎಂದು ಹೇಳಿ ಕರೆತಂದಿದ್ದ ನೆಂಟರ ಮುಂದೆ ಗುಳಿಗೆಯ ಮಾತು ಹೇಗೆ ಬರಬೇಕು?

“ಬೇಗ ಹೇಳ್ರಿ. ನನಗೆ ಹೊತ್ತಿಲ್ಲ.”

ಅತ್ತೆ ಸೊಂಟದಿಂದ ಸಂಚಿ ಬಿಚ್ಚಿದರು. ಅಡಿಕೆ ಹೋಳಿನ ಕೆಳಗಿಂದ ಶೀಶೆ ತೆಗೆದು ಮೇಜಿನ ಮೇಲಿಟ್ಟರು. “ನಾನೇ ನಿಲ್ಲಿಸಿದ್ದು. ಹರಕೆ ದಿನ ನಿಶ್ಚಯ ಆದಾಗಿಂದ ಕೊಟ್ಟಿಲ್ಲ.”

ಡಾಕ್ಟರು ಲೇಬಲ್ ಓದಿ ನರ್ಸಿಗೆ ಇಂಜೆಕ್ಷನ್ ಹೆಸರು ಕೂಗಿದರು. ಒಂದು ಕೈಗೆ ಸಲೈನು ಹಾಕಿದರು, ಗ್ಲೂಕೋಸೂ ಏರಿಸಿದರು. ನಾನು ಅಕ್ಕನ ತುಟಿಯನ್ನೇ ನೋಡುತ್ತಿದ್ದೆ. ಬಿಸಿಲು ಕಿಟಕಿಯಿಂದ ಮಂಚಕ್ಕೆ ಬರುವಷ್ಟು ಹೊತ್ತಿಗೆ ಅದಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟು ಅವಳು ಮೊದಲು ಕೇಳಿದ್ದು, “ತಕ್ಕಡಿ ಎದ್ದಿತೇನೇ?”

“ಎದ್ದಿತು,” ಎಂದರು ಅತ್ತೆ.

ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮೂತ್ರಪಿಂಡದ ತಲೆಯ ಮೇಲೆ ಎರಡು ಪುಟ್ಟ ಗ್ರಂಥಿಗಳಿವೆ. ಮನುಷ್ಯ ಹೆದರಿದಾಗ, ಜ್ವರ ಬಂದಾಗ, ಉಪವಾಸವಿದ್ದಾಗ ಅವು ಒಂದು ರಸ ಬಿಟ್ಟು ರಕ್ತದ ಒತ್ತಡ, ಸಕ್ಕರೆ ಇಳಿಯದಂತೆ ಕಾಯುತ್ತವೆ. ಗುಳಿಗೆಯಲ್ಲಿದ್ದುದು ಅದೇ ಜಾತಿಯ ರಸ. ದಿನಾ ಹೊರಗಿನಿಂದ ಬಂದರೆ ಗ್ರಂಥಿ ಮಲಗಿಬಿಡುತ್ತದೆ, ಥಟ್ಟನೆ ನಿಲ್ಲಿಸಿದರೆ ಏಳುವುದಿಲ್ಲ. ಮುಖ, ಹೊಟ್ಟೆ ಉಬ್ಬಿದ್ದೂ, ಆ ಹಸಿವೂ ಅದರದೇ ಕೆಲಸ, ಅನ್ನದ್ದಲ್ಲ.

“ಗುಳಿಗೆ ಇಲ್ಲದೆ ಬರೀ ಹೆದರಿಕೆಯಲ್ಲಿ ಬದುಕೋರಿಗೆ?” ಎಂದು ಕೇಳಿದೆ.

“ಅವರಲ್ಲೂ ಆ ರಸ ಏರುತ್ತೆ. ನಿದ್ದೆ ಕೆಡುತ್ತೆ, ಹೊಟ್ಟೆ ಸುತ್ತ ಬೊಜ್ಜು ಕೂರಬಹುದು. ಇಷ್ಟು ಜೋರಾಗಿ ಅಲ್ಲ. ಯಾರಿಗೆ ಎಷ್ಟು ಅಂತ ನಾನು ಹೇಳಲಾರೆ.”

ಅಕ್ಕನ ಮೈಯಲ್ಲಿ ಗುಳಿಗೆಯದೆಷ್ಟು, ಆ ನಡುಮನೆಯ ಹೆಜ್ಜೆ ಸಪ್ಪಳದ್ದೆಷ್ಟು ಎಂದು ನಾನೂ ಬೇರೆ ಮಾಡಲಾರೆ.

ಗುಳಿಗೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕಾಯಿತು. ಮುಂದಿನ ರಜೆಯಲ್ಲಿ ಜಗಳೂರಿಗೆ ಹೋದಾಗ ಹಿತ್ತಲು ಸ್ವಚ್ಛವಾಗಿತ್ತು. ಶೇಂಗಾ ಮೆಷಿನ್ನು ಊರ ಹೊರಗಿನ ಗೋದಾಮಿಗೆ ಹೋಗಿತ್ತು. ಬೆಳಿಗ್ಗೆ ಅತ್ತೆ ಸಂಚಿ ಬಿಚ್ಚಿ ಗುಳಿಗೆಯನ್ನು ಅಡಕತ್ತರಿಯಲ್ಲಿ ಸರಿಯಾಗಿ ಅರ್ಧ ಮಾಡಿದರು. ಅಕ್ಕನ ಅಂಗೈಗೆ ಇಟ್ಟು, ಅವಳು ನುಂಗುವ ತನಕ ಅಲ್ಲೇ ನಿಂತರು.

“ಬಾಯಿ ತೆಗಿ, ನೋಡಾನ.”

ಅಕ್ಕ ಬಾಯಿ ತೆರೆದು ತೋರಿಸಿದಳು. ಅತ್ತೆಯ ಹೆಜ್ಜೆ ಸಪ್ಪಳ ನಡುಮನೆ ದಾಟಿದ ಮೇಲೆಯೇ ಅವಳು ಕೈಯ ನೀರಿನ ಲೋಟ ಕೆಳಗಿಟ್ಟಳು.