ಆಟವಿಲ್ಲದ ನಕ್ಷತ್ರ

ಮೂರು ವರ್ಷದ ಹಿಂದಿನ ಮಾತು. ಉರಿಗಾಂನಲ್ಲಿ ನನ್ನದೇ ಲೇತ್ ಶಾಪು, ಲೋಹ ತಿರುಗಿಸಿ ಕಡೆಯುವ ಟರ್ನರ್ ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಲಿತದ್ದೆಲ್ಲ ಲೇತಿನ ಮುಂದೆ ನಿಂತೇ. ನಾನು ಕಡೆದ ಸಾಮಾನು ತಿರುಗುವಾಗ ಅಲ್ಲಾಡಿದ್ದೇ ಇಲ್ಲ. ಅದಕ್ಕೇ ಪ್ರತಿಯೊಂದರ ಅಡಿಗೂ ಅಕ್ಷರ ಒತ್ತುವ ಪಂಚಿನಿಂದ ‘ನಾ’ ಎಂದು ಹೊಡೆಯುತ್ತಿದ್ದೆ. ನಾರಾಯಣಪ್ಪನ ನಾ.

ಬಂಗಾರಪೇಟೆಯ ಶಾಲೆಯೊಂದರ ವಿಜ್ಞಾನದ ಟೀಚರ್ ಸುಮಿತ್ರಾ ಒಂದು ಮಾದರಿ ಮಾಡಿಸಲು ಬಂದರು. ಸೂರ್ಯನಂಥದೇ, ಆದರೆ ಅವನಿಗಿಂತ ಬಹಳ ಹಳೆಯ ನಕ್ಷತ್ರ. ಅದನ್ನು ಸುತ್ತುವ ಎರಡು ಕಂದು ಕುಬ್ಜಗಳು.

“ಗ್ರಹಕ್ಕಿಂತ ದೊಡ್ಡವು. ನಕ್ಷತ್ರ ಆಗೋಕೆ ಹೊರಟು, ಉರಿ ಹತ್ತದೆ ಉಳಿದವು” ಎಂದರು.

ಉರಿ ಹತ್ತದೆ ಉಳಿದವು. ಆ ಮಾತು ದಿನವೆಲ್ಲ ಲೇತಿನ ಸದ್ದಿನೊಳಗೆ ಸುತ್ತುತ್ತಿತ್ತು. ಹಿತ್ತಾಳೆಯ ನಕ್ಷತ್ರ, ಕಬ್ಬಿಣದ ಕುಬ್ಜಗಳು, ತಿರುಗಿಸಲೊಂದು ಹಿಡಿ. ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಒಯ್ದೆ.

ಮೇಡಂ ತಿರುಗಿಸಿ ನೋಡಿದರು. “ಇದರಲ್ಲಿ ಆಟಾನೇ ಇಲ್ವಲ್ಲ!”

ಸಡಿಲಾಗಿ ಅಲುಗುವುದಕ್ಕೆ ನಮ್ಮ ಕಸುಬಿನಲ್ಲಿ ಆಟ ಎನ್ನುತ್ತೇವೆ. ಟರ್ನರನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. “ನನ್ ಕೆಲಸದಾಗೆ ಆಟ ಇರಾಕಿಲ್ಲ ಮೇಡಂ” ಎಂದು ಮೀಸೆ ತಿರುವಿದೆ.

“ಇರ್ಬೇಕು ಕಣ್ರೀ! ಕುಬ್ಜಗಳು ಎಳೆಯೋದಕ್ಕೆ ನಕ್ಷತ್ರ ಅಲುಗುತ್ತೆ. ಅವು ಕಾಣಲ್ಲ. ಇದು ಅಲುಗಿದ್ದು ನೋಡೇ ಅವು ಇವೆ ಅಂತ ಗೊತ್ತಾಗಿದ್ದು.”

ವಾಪಸು ತಂದೆ. ಪಕ್ಕದ ಶೆಡ್ಡಿನ ವೆಲ್ಡರ್ ಸೆಲ್ವಂ ಕಣ್ಣರಳಿಸಿದ. “ಏನಣ್ಣೋ, ನಿನ್ ಸಾಮಾನೂ ವಾಪಸ್ ಬತ್ತದಾ?”

“ಬೇಕಂತಲೇ ಓರೆ ಮಾಡ್ಬೇಕಂತೆ ಕಣ್ಲಾ.”

“ಅದ್ಕೆ ನೀನ್ಯಾಕೆ? ನನ್ಗೆ ಕೊಡು, ಬೇಡಾಂದ್ರೂ ಓರೆ ಬತ್ತದೆ!”

ನಕ್ಷತ್ರಕ್ಕೆ ಹೊಸ ಗುಂಡು ಕಡೆದೆ. ಕಡ್ಡಿ ಕೂರುವ ತೂತನ್ನು ನಡುವಿನಿಂದ ಎರಡು ನೂಲು, ಅಂದರೆ ಕಾಲಿಂಚು, ಆಚೆ ಕೊರೆಯಬೇಕು. ಕೈ ಮುಂದೆ ಹೋಗಲೊಲ್ಲದು. ನೋಡಿದವರು ‘ನಾರಾಯಣಪ್ಪನ ಕೈ ಕೆಟ್ಟಿತು’ ಎಂದರೆ? ಕೊನೆಗೆ ಹಲ್ಲು ಕಚ್ಚಿ ಕೊರೆದೆ. ಕುಬ್ಜಗಳಿಗೆ ಕಪ್ಪು ಬಳಿದೆ. ನನ್ನ ಗುರುತು ಮಾತ್ರ ಹೊಡೆಯಲಿಲ್ಲ.

ಶಾಲೆಯಲ್ಲಿ ಮೇಡಂ ಮಕ್ಕಳನ್ನು ಕೂರಿಸಿ, ಕಿಟಕಿ ಮುಚ್ಚಿ, ಕಪ್ಪು ಬಟ್ಟೆಯ ಮುಂದೆ ಮಾದರಿಯಿಟ್ಟು, ನಕ್ಷತ್ರದ ಮೇಲೆ ಟಾರ್ಚು ಬಿಟ್ಟರು. ನಾನೇ ಹಿಡಿ ತಿರುಗಿಸಿದೆ. ಕುಬ್ಜಗಳು ಕತ್ತಲಲ್ಲಿ ಕರಗಿದವು. ನಕ್ಷತ್ರವೊಂದೇ, ನಿದ್ದೆಯಲ್ಲಿ ತೂಗುವ ತಲೆಯಂತೆ, ಮೆಲ್ಲಗೆ ಅತ್ತಿತ್ತ ವಾಲುತ್ತಿತ್ತು. ಕೋಣೆ ಎಲ್ಲೋ ತೇಲಿಹೋದಂತಿತ್ತು.

“ಮಿಸ್, ಯಾರೋ ಅದ್ರ ಕೈ ಇಡ್ಕಂಡು ಎಳೀತಾವ್ರೆ!” ಎಂದಳು ಒಬ್ಬ ಹುಡುಗಿ.

ಅಲ್ಲಾಡುವುದೆಲ್ಲ ಕೆಟ್ಟ ಕೆಲಸವೆಂದು ಜೀವಮಾನವಿಡೀ ನಂಬಿದ್ದೆ. ಈಗ ಯಾವುದು ಅಲುಗಿದರೂ, ಮನುಷ್ಯನಾದರೂ, ಕಾಣದೆ ಎಳೆಯುತ್ತಿರುವುದು ಏನೆಂದು ಮೊದಲು ನೋಡುತ್ತೇನೆ.

ಅವತ್ತು ಮಕ್ಕಳು ಹೊರಟ ಮೇಲೆ ಜೇಬಿನಿಂದ ಪಂಚು ತೆಗೆದು, ಪೀಠವನ್ನು ಮಗುಚಿ, ಒಂದೇ ಏಟಿಗೆ ಹೊಡೆದೆ: ನಾ.