ಬೀಗರ ಪಾಸ್‌ವರ್ಡ್

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಬೆನ್ನ ಹಿಂದೆ ಬೀಗರು ಎನ್ನುತ್ತಿದ್ದರು. ಯಾರ ಮಗಳೂ ಅವರ ಮನೆಯ ಸೊಸೆಯಾಗಿರಲಿಲ್ಲ. ರೋಗಿಗಳ ವರದಿಗಳೆಲ್ಲ ತುಂಬಿದ್ದ ಡೇಟಾಬೇಸ್ ಸರ್ವರಿನ ಬೀಗ ಅವರ ಕೈಯಲ್ಲಿತ್ತು, ಅದಕ್ಕೇ ಬೀಗುತ್ತಿದ್ದರು, ಮೇಲೆ ಬೀಗರಿಗೆ ಸಲ್ಲುವ ಉಪಚಾರವೂ ಬೇಕಿತ್ತು. ಟೀ ಮೊದಲು ಅವರ ಮೇಜಿಗೇ ಬರಬೇಕು. ಅಡ್ಮಿನ್ ಪಾಸ್‌ವರ್ಡನ್ನು ಇನ್ನೊಬ್ಬರಿಗೂ ಹೇಳಿಡಿ ಎಂದು ಲ್ಯಾಬಿನ ಒಡತಿ ಡಾಕ್ಟರಮ್ಮ ಕೇಳಿದಾಗಲೆಲ್ಲ, "ನಾನೇನು ಸಾಯ್ತೀನಾ ಮೇಡಂ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರು ಸಾಯಲಿಲ್ಲ, ಅವರ ಹಳೆಯ ಕಂಪ್ಯೂಟರ್ ಸತ್ತಿತು. ಇಷ್ಟು ವರ್ಷ ಪಾಸ್‌ವರ್ಡ್ ನೆನಪಿಟ್ಟುಕೊಂಡಿದ್ದದ್ದು ಆ ಬಡಪಾಯಿಯೇ. ಅದೇ ವಾರ ವರದಿ ಮುದ್ರಿಸುವ ಖಾತೆಯ ಅವಧಿಯೂ ಮುಗಿಯಿತು. ಅಡ್ಮಿನ್ ಒಳಹೊಕ್ಕು ಅದನ್ನು ಮುಂದುವರಿಸದೆ ಒಂದು ಹಾಳೆಯೂ ಹೊರಬರುವಂತಿರಲಿಲ್ಲ. ಹೊರಗಿನ ಬೆಂಚುಗಳಲ್ಲಿ ಜನ ಗೊಣಗತೊಡಗಿದರು.

"ಊಟದ ಹೊತ್ತಿಗೆ ತೆಗೀದಿದ್ರೆ ಹೊರಗಿನವರನ್ನ ಕರೀತೀನಿ," ಎಂದರು ಡಾಕ್ಟರಮ್ಮ.

ಬೀಗರು ಕೀಬೋರ್ಡ್ ಎಳೆದುಕೊಂಡು ಕುಳಿತರು. ಹೊರಗಿನವರು ತೆಗೆದುಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ?

ಪದಗಳೇನೋ ಮರೆತಿರಲಿಲ್ಲ. 'ನಾನಿಲ್ದೆ ನಡಿಯಲ್ಲ', ಅದೇ ಪಾಸ್‌ವರ್ಡ್. ಆದರೆ ಆ ಮಹಾವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಕುಟ್ಟಿದ್ದರೋ! 'ನಾ'ಗೆ 'ಎ' ಒಂದೋ ಎರಡೋ? 'ದೆ'ಗೆ 'ಎಚ್' ಇತ್ತೋ ಇಲ್ಲವೋ? 'ಬರ್ತಿದೀನಿ' ಎಂದು ಹೆಂಡತಿಗೆ ದಿನಕ್ಕೊಂದು ಕಾಗುಣಿತದಲ್ಲಿ ಮೆಸೇಜ್ ಕಳಿಸುವ ಆಸಾಮಿ. ಬೆರಳು ನೋಯುವವರೆಗೆ ಒತ್ತಿ, ಕೊನೆಗೆ ಅವಳಿಗೇ ಫೋನ್ ಮಾಡಿದರು.

"ನಾನಿಲ್ದೆ ನಡಿಯಲ್ಲ ಅಂತ ನಾನು ಇಂಗ್ಲಿಷಲ್ಲಿ ಹೇಗೆ ಬರೀತೀನೇ?"

"ಬರ್ದಿದ್ದು ನೋಡಿಲ್ಲಪ್ಪ. ಹೇಳೋದನ್ನ ಮಾತ್ರ ದಿನಾ ಕೇಳ್ತಿದೀನಿ," ಎಂದು ಅವಳು ಫೋನಿಟ್ಟಳು.

ಮಧ್ಯಾಹ್ನ ಹೊರಗಿನ ಟೆಕ್ನಿಷಿಯನ್ ಬಂದಳು. ಸರ್ವರನ್ನು ನಿಲ್ಲಿಸಿ, ಪಾಸ್‌ವರ್ಡ್ ಕೇಳಬೇಡ ಎಂದು ತಾಕೀತು ಮಾಡಿ ಮತ್ತೆ ಎಬ್ಬಿಸಿದಳು. ಅದು ಸದ್ದಿಲ್ಲದೆ ಬಾಗಿಲು ತೆಗೆಯಿತು. ಇಷ್ಟು ವರ್ಷ ಕಾವಲು ಕಾದವರ ಮುಖವನ್ನೂ ನೋಡಲಿಲ್ಲ.

"ಹೊಸ ಪಾಸ್‌ವರ್ಡ್ ಏನಿಡಲಿ?"

"ಹಳೇದು ಏನಿತ್ರೀ?" ಎಂದು ಡಾಕ್ಟರಮ್ಮ ಬೀಗರತ್ತ ತಿರುಗಿದರು. ಬೀಗರು ನೆಲ ನೋಡುತ್ತ ಹೇಳಿದರು. ರಕ್ತ ತೆಗೆಯುವ ನರ್ಸ್ ಕಿಸಕ್ಕೆಂದಳು.

"ಹಾಗಾದ್ರೆ 'ನಡಿಯತ್ತೆ' ಅಂತಿಡಮ್ಮ," ಎಂದರು ಡಾಕ್ಟರಮ್ಮ.

ಕೀಲಿಗಳು ಟಪಟಪ ಎಂದವು. ಖಾತೆಯ ಅವಧಿ ಮುಂದುವರಿಯಿತು, ಪ್ರಿಂಟರ್ ವರದಿಗಳನ್ನು ಉಗುಳತೊಡಗಿತು, ಹೊರಗೆ ಬೆಂಚುಗಳು ಖಾಲಿಯಾದವು. ಬೀಗರು ಮೆಲ್ಲಗೆ ಟೆಕ್ನಿಷಿಯನ್ ಬಳಿ ಸರಿದು ಕೇಳಿದರು: "ಕಾಗುಣಿತ ಹೇಗೆ ಹಾಕಿದ್ರಿ?"

ಟೆಕ್ನಿಷಿಯನ್ ಡಾಕ್ಟರಮ್ಮನ ಮುಖ ನೋಡಿದಳು.

"ಆ ತಲೆನೋವು ನಿಮಗ್ಯಾಕೆ ಬಿಡಿ, ಬೀಗರೇ," ಎಂದರು ಡಾಕ್ಟರಮ್ಮ.

ಆ ಹೆಸರು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.