ಅಬ್ರಾದ ಏಳನೆಯವನು

ಮೈದಾ ಅಂಟಿಗೆ ಮೈಲುತುತ್ತು ಬೆರೆಸಿದರೆ ಹುಳ ಹಿಡಿಯುವುದಿಲ್ಲ. ದುಬೈಯ ನೈಫ್ ಪೇಟೆಯಲ್ಲಿದ್ದ ನನ್ನ ಫ್ರೇಮಿನ ಅಂಗಡಿಯಲ್ಲಿ ಎಲ್ಲ ಚಿತ್ರಗಳ ಹಿಂದೆಯೂ ಅದನ್ನೇ ಬಳಿಯುತ್ತಿದ್ದೆ. ಕಳೆದ ವಾರ ಆ ಅಂಟಿನ ಮುಗ್ಗಿದ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಡ್ರಾಯಿಂಗ್ ಮಾಸ್ತರರ ಮಗಳು, ನನ್ನ ಮಗನ ಫ್ಲ್ಯಾಟಿನ ಮೇಜಿನ ಮೇಲೆ ಒಂದು ಚಿತ್ರವನ್ನು ಬೋರಲು ಹಾಕಿ, ಹಿಂದಿನ ಕಾಗದ ಬಿಚ್ಚಿದ್ದಳು. ಬರ್ ದುಬೈಯಲ್ಲಿ ಖಾಲಿ ಮಾಡುತ್ತಿದ್ದ ಆಫೀಸೊಂದರಲ್ಲಿ ಸಿಕ್ಕಿತಂತೆ. ಹಿಂದೆ ನನ್ನ ಅಂಗಡಿಯ ಮುದ್ರೆಯಿತ್ತು.

ಅವಳ ಕೈಯಲ್ಲಿ ನಮ್ಮ ಕನ್ನಡ ಸಂಘದ ಹಳೆಯ ಚಿತ್ರಪ್ರದರ್ಶನಗಳ ಪಟ್ಟಿಗಳು.

“ಅಂಕಲ್, ಎರಡು ವರ್ಷದ ಲಿಸ್ಟಲ್ಲೂ ‘ಅಬ್ರಾದಲ್ಲಿ ಏಳು ಮಂದಿ’ ಅಂತ ಉಂಟು. ಈ ಚಿತ್ರದ ಅಬ್ರಾ ದೋಣಿಯಲ್ಲಿ ಆರೇ ಜನ. ಲಿಸ್ಟಿನ ಅಳತೆಗಿಂತ ಅಗಲ ನಾಲ್ಕಿಂಚು ಕಮ್ಮಿ. ಸಹಿಯೂ ಇಲ್ಲ. ಅಬುಧಾಬಿಯ ಪ್ರದರ್ಶನದವರು ಅಪ್ಪನ ಹೆಸರು ಹಾಕ್ಲಿಕ್ಕೆ ಒಪ್ಪುದಿಲ್ಲ.”

ಅಪ್ಪನದೆಂದು ಅವಳಿಗೆ ಉಳಿದಿರುವುದು ಇದೊಂದೇ ಚಿತ್ರ, ಅದೂ ರುಜುವಾತಾದರೆ...

ಮಾಸ್ತರರು ಅಲ್ ಐನ್‌ನ ಶಾಲೆಯೊಂದರಲ್ಲಿದ್ದರು. ರಜೆಯ ದಿನ ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದು ಕೂರುತ್ತಿದ್ದರು. ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. “ಇವನಿಗೆ ಚಿತ್ರ ಅಂದ್ರೆ ಫ್ರೇಮಿನೊಳಗೆ ತುಂಬಿಸುವ ಸಾಮಾನು ಮಾರಾಯ್ರೆ” ಎಂದು ಗಿರಾಕಿಗಳನ್ನು ನಗಿಸುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು.

ಮೂರನೆಯ ಪ್ರದರ್ಶನಕ್ಕೆ ಮುಂಚೆ ಈ ಚಿತ್ರವನ್ನು ಹೊಸ ಫ್ರೇಮಿಗೆಂದು ಕೊಟ್ಟರು. ಅಂಚಿನಲ್ಲಿ ಏಳನೆಯವನು, ಖಾಲಿ ಫ್ರೇಮೊಂದಕ್ಕೆ ತಲೆ ತೂರಿಸಿ ಕೂತಿದ್ದ. ಮೂಗು ನನ್ನದು, ಬೋಳು ತಲೆ ನನ್ನದು. ಎರಡು ವರ್ಷ ಸಂಘದವರೆಲ್ಲ ನೋಡಿ ನಕ್ಕಿದ್ದರು, ಪ್ರದರ್ಶನಕ್ಕೆ ಹೋಗದ ನಾನೊಬ್ಬನೇ ನೋಡಿರಲಿಲ್ಲ. ಅವನ ಕಾಲ ಬಳಿ ಮಾಸ್ತರರ ಸಹಿ.

ಸ್ಕೇಲು ಇಟ್ಟು ನಾಲ್ಕಿಂಚು ಕತ್ತರಿಸಿದೆ. ಕತ್ತರಿಸಿದ ತುಂಡನ್ನು ಮಡಚಿ, ಯಾರದೋ ಮದುವೆಯ ಫೋಟೋ ಅಲ್ಲಾಡದಂತೆ ಫ್ರೇಮಿನ ಸಂದಿಗೆ ತುರುಕಿದೆ. ಹಾಳು ಕಾಗದವನ್ನು ನಾವು ಬಳಸುತ್ತಿದ್ದುದೇ ಹಾಗೆ. ಉಳಿದ ಚಿತ್ರವನ್ನು ಒಂದು ಆಫೀಸಿನವರಿಗೆ ಮಾರಿದೆ.

“ಏಸಿ ನೀರು ಬಿದ್ದು ಹಾಳಾಯ್ತು ಮಾಸ್ಟ್ರೇ, ಬಿಸಾಡಿದೆ. ಖಲಾಸ್” ಎಂದೆ, ಅವರು ಚಿತ್ರ ಕೇಳಲು ಬಂದಾಗ.

“ಕಳ್ಳ” ಅಂದರು, ಅಷ್ಟೇ.

ಆ ಒಂದು ಮಾತು ಹಿಡಿದು, ಅವರು ಜಗಳಗಂಟ ಎಂದು ಸಂಘದವರನ್ನೆಲ್ಲ ನಂಬಿಸಿದೆ. ಮತ್ತೆ ಯಾರೂ ಅವರ ಚಿತ್ರ ಕೇಳಲಿಲ್ಲ. ಊರಿಗೆ ಮರಳಿದರು. ಅಲ್ಲೇ ತೀರಿಕೊಂಡರಂತೆ...

“ಏಳನೆಯವರು ಯಾರು, ನಿಮಗೆ ಗೊತ್ತುಂಟಾ?” ಮಗಳು ಕೇಳಿದಳು.

“ನಾನು” ಅಂದೆ. ಎಲ್ಲವನ್ನೂ ಹೇಳಿದೆ.

ಅವಳು ಚಹಾ ಮುಟ್ಟದೆ ಎದ್ದಳು. “ಇಷ್ಟನ್ನು ಬರ್ದು ಸಹಿ ಹಾಕಿ ಕೊಡಿ. ನಿಮ್ಮ ಸಾರಿ ನನಗೆ ಬೇಡ.”

ಬರೆದಿದ್ದೇನೆ. ಮಾಸ್ತರರ ಮೇಲೆ ನನಗೆ ಈಗಲೂ ಪ್ರೀತಿ ಹುಟ್ಟಿಲ್ಲ. ಆದರೆ ಚಿತ್ರ ಅವರದು. ಅವರ ಸಹಿ ಯಾರ ಮನೆಯ ಮದುವೆ ಫೋಟೋದ ಹಿಂದಿದೆಯೋ, ತಿಳಿಯದು. ಅದರ ಬದಲಿಗೆ ಈ ಕಾಗದದ ಕೆಳಗೆ ನನ್ನದಿದೆ.